ದೋಣಿಯಲ್ಲಿ ಬರುವ ಡ್ರೈವರ್

ಜೂನ್ ೧೮

ಪ್ರೀತಿಯ ಬಿಚ್ಚಣ್ಣ,

ಕಾಗದ ನೋಡಿ ಗಾಬರಿಯಾಗಬೇಡ. ಹೊಸ ಸುದ್ದಿ ಏನೂ ಇಲ್ಲ. ಬಿರುಗಾಳಿಯ ಮರುದಿನ ವೈರ್‌ಲೆಸ್ಸಿನಲ್ಲಿ ಹೇಳಿದ್ದೇ ಇವತ್ತಿಗೂ ನಿಜ. ನಿನ್ನಣ್ಣ ಆಸ್ಪತ್ರೆಯ ಜನರೇಟರಿಗೆ ಬೆಲ್ಟ್ ತರಲೆಂದು ಆ ದಡಕ್ಕೆ ಹೋಗಿ, ವಾಪಸು ಬರುವಾಗ ದೋಣಿ ಮಗುಚಿತು. ಇದ್ದವರು ಇಬ್ಬರು. ಎಂಜಿನ್ ನೋಡಿಕೊಳ್ಳುವ ಮೆಕ್ಯಾನಿಕ್ ಈಜಿ ಬಂದ. ನಿನ್ನಣ್ಣ ಬಂದಿಲ್ಲ. ಹುಡುಕುವ ದೋಣಿಗಳು ಈ ಕಡೆ ಬರುವುದನ್ನು ನಿಲ್ಲಿಸಿವೆ.

ನಾನು ಬರೆಯುತ್ತಿರುವುದು ಕಂಪ್ಯೂಟರಿನ ವಿಷಯಕ್ಕೆ.

ಈ ನಡುಗಡ್ಡೆಯ ಮೊಬೈಲ್ ಟವರ್ ನೆಲಕ್ಕೆ ಬಿದ್ದಿದೆ. ಆಸ್ಪತ್ರೆಯ ಮಾಡಿನ ಮೇಲಿನ ಡಿಶ್ ಮಾತ್ರ ಅಲ್ಲಾಡದೆ ನಿಂತಿದೆ. ಮೋಡೆಮ್ಮಿನ ಹಸಿರು ದೀಪ ಉರಿಯುತ್ತಿದೆ. ಅದು ವೈಫೈ ಇಲ್ಲದ್ದು, ಫೋನಿಗೆ ಸಿಗುವುದಿಲ್ಲ. ಆದರೆ ಕಂಪ್ಯೂಟರಿಗೆ ಉಪ್ಪುನೀರು ಹೊಕ್ಕು ಅದು ಕೆಲಸಕ್ಕೆ ಬಾರದಾಯಿತು. ಸಾಮಾನು ಕೋಣೆಯಲ್ಲಿ, ಹಳೆಯ ಗಾದಿಗಳ ಹಿಂದೆ, ಇನ್ನೊಂದು ಕಂಪ್ಯೂಟರ್ ಇತ್ತು. ನಿನ್ನಣ್ಣ ಕಪಾಟಿನಲ್ಲಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ ಅದಕ್ಕೆ ಲಿನಕ್ಸ್ ನಾನೇ ಹಾಕಿದೆ. ಪರದೆ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾ ಹೋದೆ. ಎಲ್ಲ ಬಂತು. ನೆಟ್ ಬರಲಿಲ್ಲ. ವೈರ್ ಕಿತ್ತು ಹಾಕಿದೆ, ಊದಿ ಹಾಕಿದೆ. ನೆಟ್‌ವರ್ಕ್ ಅನ್ನುವುದು ತನಗೆ ಹುಟ್ಟಿನಿಂದಲೇ ಗೊತ್ತಿಲ್ಲ ಎಂಬಂತೆ ಕೂತಿದೆ. ಶಾಲೆಯ ಮೇಷ್ಟ್ರು ಬಂದು ನೋಡಿ, "ಇದಕ್ಕೆ ಡ್ರೈವರ್ ಇಲ್ಲ ಸಿಸ್ಟರ್. ನೆಟ್‌ನಿಂದ ಇಳಿಸ್ಕೋಬೇಕು" ಅಂದರು. ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಬರಲು ನೆಟ್ ಬೇಕು.

ಅರ್ಜೆಂಟು ಯಾಕೆಂದರೆ ಆ ಮೆಕ್ಯಾನಿಕ್ ನನ್ನ ವಾರ್ಡಿನಲ್ಲೇ ಇದ್ದಾನೆ. ಮೊಣಕಾಲ ಕೆಳಗೆ ಗಾಯ, ವಾಸಿಯಾಗುತ್ತಿಲ್ಲ. ದೋಣಿ ತಾಗುವ ಕಟ್ಟೆ ಕುಸಿದಿರುವುದರಿಂದ ಸಾಮಾನಿನ ದೋಣಿ ಮಾತ್ರ ಬರುತ್ತದೆ, ಹಗ್ಗದಲ್ಲಿ ಮೂಟೆ ಇಳಿಸಿ ಹೋಗುತ್ತದೆ. ಜನರನ್ನು ಹತ್ತಿಸುವುದಿಲ್ಲ. ತುರ್ತು ದೋಣಿ ಕಳಿಸಬೇಕಾದರೆ ದೊಡ್ಡಾಸ್ಪತ್ರೆಯ ಡಾಕ್ಟರು ಗಾಯ ನೋಡಿ ಹೇಳಬೇಕು. ವೈರ್‌ಲೆಸ್ಸಿನಲ್ಲಿ ಎಷ್ಟು ವರ್ಣಿಸಿದರೂ "ಫೋಟೋ ಕಳಿಸಿ" ಎನ್ನುತ್ತಾರೆ. ಅದೂ ಅವತ್ತಿನದೇ ಆಗಬೇಕಂತೆ, ವಾರಕ್ಕೊಮ್ಮೆ ಬರುವ ದೋಣಿಯಲ್ಲಿ ಹೋದದ್ದು ನಡೆಯುವುದಿಲ್ಲವಂತೆ.

ವೈರ್‌ಲೆಸ್ ಬಂದರು ಕಚೇರಿಗೂ ದೊಡ್ಡಾಸ್ಪತ್ರೆಗೂ ಮಾತ್ರ, ನಿನ್ನ ರಿಪೇರಿ ಅಂಗಡಿಗೆ ಇಲ್ಲ, ಹಾಗಾಗಿ ಏನು ಮಾಡಬೇಕೋ ಬರೆ. ನೀನು ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಹಾಕಿದಾಗ ನಿನ್ನ ಪರ ವಹಿಸಿದವಳು ನಾನೊಬ್ಬಳೇ. ಆ ಋಣ ತೀರಿಸುವ ಸಮಯ ಬಂದಿದೆ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಬೇರೆ ಏನೂ ಹೇಳಬೇಡ.

ನಿನ್ನ
ಅತ್ತಿಗೆ

ಜೂನ್ ೨೫

ಅತ್ತಿಗೆಗೆ ನಮಸ್ಕಾರ.

ಕಾಗದ ಶುರು ಮಾಡುವಾಗ ಕ್ಷೇಮ ಸಮಾಚಾರ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಪೆನ್ನು ಹಿಡಿದು ಕೂತೆ, ಆಗಲಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಮೇಷ್ಟ್ರು ಹೇಳಿದ್ದು ಸರಿ. ಕಂಪ್ಯೂಟರಿನೊಳಗೆ ವೈರ್ ಸಿಕ್ಕಿಸುವ ಕಡೆ ಒಂದು ಚಿಪ್ ಇರುತ್ತದೆ. ಅದರ ಭಾಷೆ ಲಿನಕ್ಸಿಗೆ ಅರ್ಥವಾಗುತ್ತಿಲ್ಲ. ನಡುವೆ ನಿಂತು ಮಾತು ತಿಳಿಸುವ ದುಭಾಷಿಯೇ ಡ್ರೈವರ್. ಯಾವ ಚಿಪ್ ಎಂದು ಗೊತ್ತಾದರೆ ಅದರ ಡ್ರೈವರನ್ನು ಇಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಕಳಿಸುತ್ತೇನೆ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಎಲ್, ಎಸ್, ಪಿ, ಸಿ, ಐ ಎಂದು ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ಬರೆಯಿರಿ. ಒಂದು ಜಾಗ ಬಿಟ್ಟು, ಅಡ್ಡಗೀಟು ಹಾಕಿ, ಎರಡು ಸಲ ಎನ್. ಎಂಟರ್ ಒತ್ತಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಈಥರ್ನೆಟ್ ಎಂದಿರುವ ಸಾಲನ್ನು ಚುಕ್ಕಿ ಬಿಡದೆ ನಕಲು ಮಾಡಿ ಕಳಿಸಿ.

ಚುಚ್ಚಿದ ತಕ್ಷಣ ಕೆಲಸ ಮಾಡುವ ಯುಎಸ್‌ಬಿ ಅಡಾಪ್ಟರ್ ಎಂದು ಬರುತ್ತದೆ. ಅದಕ್ಕೆ ಊರೆಲ್ಲ ಸುತ್ತಿದೆ. ಇದ್ದಬದ್ದ ಅಂಗಡಿಗಳಿಗೆಲ್ಲ ನೀರು ನುಗ್ಗಿದೆ, ಹೊಸ ಮಾಲು ಬರಲು ಸೇತುವೆ ರಿಪೇರಿಯಾಗಬೇಕು. ಹಾಗಾಗಿ ಇದೇ ದಾರಿ.

ದಿನಾ ಅಂಗಡಿ ತೆರೆಯುವ ಮೊದಲು ಬಂದರು ಕಚೇರಿಗೆ ಹೋಗಿ ಬರುತ್ತೇನೆ. ಗುಮಾಸ್ತ ನಾನು ಮೆಟ್ಟಿಲು ಹತ್ತುವಾಗಲೇ ತಲೆ ಅಲ್ಲಾಡಿಸುತ್ತಾನೆ. ಬಾಯಿ ಬಿಡುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ.

ಅಮ್ಮನಿಗೆ ಟವರ್ ಬಿದ್ದಿದೆ, ಫೋನ್ ಬರುವುದಿಲ್ಲ ಎಂದಷ್ಟೇ ಹೇಳಿದ್ದೇನೆ. ಅದು ಸುಳ್ಳೇನಲ್ಲ. ಟಿವಿಯ ವೈರ್ ಒಳಗಿನಿಂದ ಕಿತ್ತಿಟ್ಟಿದ್ದೇನೆ. "ಊರಿನ ಟಿವಿಯೆಲ್ಲ ರಿಪೇರಿ ಮಾಡ್ತೀಯ, ಮನೇದು ಕೆಟ್ಟು ಕೂತಿದೆ ನೋಡು" ಎಂದು ಅವಳು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾಳೆ.

ಇಂತಿ ನಿಮ್ಮ
ಬಿಚ್ಚಣ್ಣ

ಜುಲೈ ೨

ಪ್ರೀತಿಯ ಬಿಚ್ಚಣ್ಣ,

ನೀನು ಕೇಳಿದ ಸಾಲು ಈ ಕಾಗದದ ಬೆನ್ನಿಗಿದೆ. ನಾನು ಓದಿ ಹೇಳಿದೆ, ಮೇಷ್ಟ್ರು ಬರೆದುಕೊಂಡರು. ಆಮೇಲೆ ಅವರು ಓದಿದರು, ನಾನು ಪರದೆಗೆ ತಾಳೆ ನೋಡಿದೆ. ಸೊನ್ನೆ ಯಾವುದು, ಓ ಯಾವುದು ಎಂದು ಸ್ವಲ್ಪ ಜಗಳವೂ ಆಯಿತು. ಸೊನ್ನೆಯ ಹೊಟ್ಟೆಗೆ ಗೀಟು ಎಳೆದಿದ್ದೇನೆ.

ಆಸ್ಪತ್ರೆಯ ಆಯಾ ಒಂದು ವಾರದಿಂದ "ಡ್ರೈವರ್ ಯಾವಾಗ ಬರ್ತಾನೆ?" ಎಂದು ಕೇಳುತ್ತಿದ್ದಳು. ಮುಂದಿನ ದೋಣಿಗೆ ಎಂದಿದ್ದೆ. ನಿನ್ನೆ ನೋಡಿದರೆ ಸಾಮಾನು ಕೋಣೆ ಗುಡಿಸಿ, ಚಾಪೆ ಹಾಸಿ, ಒಂದು ದಿಂಬನ್ನೂ ಇಟ್ಟಿದ್ದಾಳೆ. "ಅಷ್ಟು ದೂರದಿಂದ ಬರೋನಿಗೆ ಮಲಗೋಕೆ ಜಾಗ ಬೇಡ್ವಾ?" ಅಂದಳು. ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಚಾಪೆ ಹಾಗೇ ಇರಲಿ ಎಂದೆ.

ಮೆಕ್ಯಾನಿಕ್ಕಿನ ಗಾಯಕ್ಕೆ ದಿನಾ ಬೆಳಿಗ್ಗೆ ಸಂಜೆ ಡ್ರೆಸ್ಸಿಂಗ್ ಮಾಡುತ್ತೇನೆ. ಅಂಚು ಕಪ್ಪಾಗುತ್ತಿದೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ. ನೋವಾದರೂ ಹಾ ಎನ್ನುವುದಿಲ್ಲ. ನನ್ನ ಮುಂದೆ ನೋವು ಹೇಳಿಕೊಳ್ಳಲು ಅವನಿಗೆ ಸಂಕೋಚ ಅಂತ ಕಾಣುತ್ತದೆ. ನಾನೂ ಅವನನ್ನು ಏನೂ ಕೇಳಿಲ್ಲ. ಕೇಳಬೇಕೆಂದು ಅನ್ನಿಸುವುದೂ ಇಲ್ಲ. ಕೈ ತನ್ನ ಪಾಡಿಗೆ ತಾನು ಬ್ಯಾಂಡೇಜು ಸುತ್ತುತ್ತದೆ.

ನಾನು ಚೆನ್ನಾಗಿಯೇ ಇದ್ದೇನೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಡುತ್ತಾರಲ್ಲ, ಕೆನ್ನೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಹಾಗಿದ್ದೇನೆ. ಕೈಯಿಂದ ಮುಟ್ಟಿ ನೋಡಿದರೆ ಇದೆ.

ನಿನ್ನಣ್ಣನ ಎರಡು ಅಂಗಿ ಹಗ್ಗದ ಮೇಲೆ ಹಾಗೇ ಇವೆ. ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆಯುತ್ತವೆ. ತೆಗೆದಿಡಬೇಕು.

ಬಂದರಿಗೆ ಹೋಗುವುದನ್ನು ಬಿಡಬೇಡ.

ಅತ್ತಿಗೆ

ಜುಲೈ ೯

ಅತ್ತಿಗೆಗೆ ನಮಸ್ಕಾರ.

ನಿಮ್ಮ ನಕಲು ಅಚ್ಚುಕಟ್ಟಾಗಿತ್ತು. ಚಿಪ್ ಯಾವುದೆಂದು ಐದು ನಿಮಿಷದಲ್ಲಿ ಸಿಕ್ಕಿತು. ಹೊಸ ಮಾದರಿ, ಅಣ್ಣನ ಹಳೆಯ ಪೆನ್‌ಡ್ರೈವಿನ ಲಿನಕ್ಸಿಗೆ ಇದರ ಪರಿಚಯವಿಲ್ಲ. ಡ್ರೈವರನ್ನು ಇದರ ಜೊತೆ ಕಳಿಸಿದ್ದೇನೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಣ ಬಳಿದು, ಮಾತ್ರೆ ಡಬ್ಬಿಯಲ್ಲಿ ಹಾಕಿದ್ದೇನೆ. ಏನೇನು ಬರೆಯಬೇಕೆಂದು ಪ್ರತ್ಯೇಕ ಚೀಟಿಯಲ್ಲಿದೆ.

ಆಯಾಗೆ ಹೇಳಿ, ಡ್ರೈವರ್ ಸಣ್ಣ ಮನುಷ್ಯ, ದಿಂಬು ಬೇಡ.

ಗುಮಾಸ್ತ ಇವತ್ತೂ ತಲೆ ಅಲ್ಲಾಡಿಸಿದ. ಅಮ್ಮ ಇವತ್ತು ಅಣ್ಣನಿಗೆ ಉಣ್ಣೆಯ ಟೋಪಿ ಹೆಣೆಯಲು ಶುರು ಮಾಡಿದ್ದಾಳೆ. "ಅಲ್ಲಿ ಗಾಳಿ ಜಾಸ್ತಿ, ಅವನಿಗೆ ಕಿವಿ ನೋಯುತ್ತೆ" ಅಂದಳು. ಬೇಡ ಅನ್ನಲು ಕಾರಣ ಸಿಗಲಿಲ್ಲ.

ಬಿಚ್ಚಣ್ಣ

ಜುಲೈ ೧೬

ಬಿಚ್ಚಣ್ಣ,

ಆಗಲಿಲ್ಲ. ಚೀಟಿಯಲ್ಲಿದ್ದಂತೆಯೇ ಬರೆದೆ. ಕೊನೆಯ ಸಾಲಿಗೆ ಬಂದಾಗ, ಈ ಡ್ರೈವರ್ ಬೇರೆ ಕರ್ನೆಲ್‌ಗೆ ಮಾಡಿದ್ದು, ಇಲ್ಲಿ ಕೂರುವುದಿಲ್ಲ ಎಂಬರ್ಥದ ಮಾತು ಬಂತು. ಮೇಷ್ಟ್ರು ಮೂರು ಸಲ ಮಾಡಿಸಿದರು. ಮೂರು ಸಲವೂ ಅದೇ ಉತ್ತರ. ಯಂತ್ರಕ್ಕೆ ಬೇಸರವಿಲ್ಲ ನೋಡು. ನಮ್ಮ ಕರ್ನೆಲ್ಲಿನ ಸಂಖ್ಯೆ ಪರದೆಯ ಮೇಲೆ ಬಂದಿತ್ತು, ಕೆಳಗೆ ಬರೆದಿದ್ದೇನೆ.

ಮೆಕ್ಯಾನಿಕ್ಕಿಗೆ ಜ್ವರ ಬಂದಿದೆ. ನನ್ನ ಹತ್ತಿರ ಇರುವ ಮಾತ್ರೆಗಳಲ್ಲಿ ಎಲ್ಲಕ್ಕಿಂತ ಬಲವಾದದ್ದನ್ನು ಶುರು ಮಾಡಿದ್ದೇನೆ. ಅದಕ್ಕಿಂತ ಮೇಲಿನದು ನನ್ನಲ್ಲಿ ಏನೂ ಇಲ್ಲ.

ಸಾಮಾನಿನ ದೋಣಿಯವನು ಹಗ್ಗ ಇಳಿಸುತ್ತಾ ಮೇಲಿನಿಂದಲೇ ಕೂಗಿದ, "ಸಿಸ್ಟರ್, ಅಣ್ಣನ ಸುದ್ದಿ ಬಂತಾ?" ಪ್ರತಿ ಸಲವೂ ಕೇಳುತ್ತಾನೆ, ಪಾಪ. ನಾನು ಕೈ ಆಡಿಸಿದೆ. ಅವನೂ ಕೈ ಆಡಿಸಿದ. ದೂರದಿಂದ ನೋಡಿದವರಿಗೆ ಯಾರೋ ಯಾರನ್ನೋ ಬೀಳ್ಕೊಡುತ್ತಿದ್ದಾರೆ ಅನ್ನಿಸಿರಬೇಕು.

ಅತ್ತಿಗೆ

ಜುಲೈ ೩೦

ಅತ್ತಿಗೆಗೆ ನಮಸ್ಕಾರ.

ಹೋದ ವಾರದ ದೋಣಿಗೆ ಕಾಗದ ಕಳಿಸಲಾಗಲಿಲ್ಲ. ಸ್ವಲ್ಪ ಓಡಾಟವಿತ್ತು.

ಕರ್ನೆಲ್ ಎಂದರೆ ಲಿನಕ್ಸಿನ ತಿರುಳು. ಅದರ ಸಂಖ್ಯೆ ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಅಳತೆ ತೆಗೆಯದೆ ಅಂಗಿ ಹೊಲಿದ ಹಾಗಾಯಿತು. ಈ ಸಲ ಸಿದ್ಧ ಅಂಗಿ ಕಳಿಸುವ ಬದಲು ಬಟ್ಟೆಯನ್ನೇ ಕಳಿಸಿದ್ದೇನೆ. ಡ್ರೈವರಿನ ಮೂಲ ಇದು. ನಿಮ್ಮ ಕಂಪ್ಯೂಟರೇ ತನ್ನ ಮೈಗೆ ತಕ್ಕಂತೆ ಹೊಲಿದುಕೊಳ್ಳುತ್ತದೆ. ಚೀಟಿ ಒಳಗಿದೆ.

ನೆಟ್ ಬಂದ ಕೂಡಲೇ ಮೊದಲು ನನಗೆ ವಿಡಿಯೋ ಕರೆ ಮಾಡಿ. ಯಾವ ಹೊತ್ತಾದರೂ ಸರಿ. ನಿಮ್ಮ ಮುಖ ನೋಡಿ ಮಾತಾಡಬೇಕು.

ಊಟ ಬಿಡಬೇಡಿ.

ನಿಮ್ಮ
ಬಿಚ್ಚಣ್ಣ

ಆಗಸ್ಟ್ ೬

ಪ್ರೀತಿಯ ಬಿಚ್ಚಣ್ಣ,

ಈ ಸಲವೂ ಆಗಲಿಲ್ಲ. ಹೊಲಿಯಲು ಬೇಕಾದ ಸಲಕರಣೆಯೇ ಈ ಕಂಪ್ಯೂಟರಿನಲ್ಲಿ ಇಲ್ಲವಂತೆ. ಕಂಪೈಲರ್ ಇಲ್ಲ, ಹೆಡರ್ ಎಂಬ ಕಡತಗಳಿಲ್ಲ. ನೀನು ಬಟ್ಟೆ ಕಳಿಸಿದೆ, ಸೂಜಿ ಕಳಿಸಲಿಲ್ಲ. ತಪ್ಪು ಹುಡುಕುತ್ತಿಲ್ಲ. ನೀನು ಇಂಥದ್ದನ್ನು ಮರೆಯುವವನಲ್ಲ, ಅಷ್ಟೇ.

ಸಾಮಾನಿನ ದೋಣಿ ಬಂತು. ದೋಣಿಯವನು ಈ ಸಲ ಏನೂ ಕೇಳಲಿಲ್ಲ. ಹಗ್ಗ ನೋಡುತ್ತಾ ಹಗ್ಗ ಇಳಿಸಿದ. ನಾವು ಬರೆದು ಕಳಿಸಿದ್ದ ತರಕಾರಿಯ ಜೊತೆ ಒಂದು ಚೀಲ ಕಿತ್ತಳೆ ಇತ್ತು. "ಇದು ನಮ್ಮದಲ್ಲ" ಎಂದು ಕೂಗಿದೆ. "ಇರ್ಲಿ ತಗೊಳ್ಳಿ ಅಮ್ಮಾ" ಅಂದ. ಇಷ್ಟು ವರ್ಷ ನಾನು ಅವನಿಗೆ ಸಿಸ್ಟರ್ ಆಗಿದ್ದೆ.

ನಿನ್ನ ಕಾಗದದಲ್ಲಿ ಬಂದರು ಕಚೇರಿಯ ಗುಮಾಸ್ತ ಇರಲಿಲ್ಲ. ಅವಸರದಲ್ಲಿ ಬಿಟ್ಟುಹೋಗಿರಬೇಕು.

ಅಂಗಿಗಳನ್ನು ತೆಗೆದು ಮಡಿಸಿ ಇಟ್ಟೆ. ಭುಜದ ಹತ್ತಿರ ಹಗ್ಗದ ಗುರುತು ಬಿದ್ದಿದೆ, ಇಸ್ತ್ರಿ ಹಾಕಿದರೂ ಹೋಗಲಿಲ್ಲ.

ಮೆಕ್ಯಾನಿಕ್ಕಿನ ಜ್ವರ ಇಳಿದು ಮತ್ತೆ ಏರಿದೆ. ಗಾಯದ ವಾಸನೆ ಬಾಗಿಲ ತನಕ ಬರುತ್ತದೆ. ಇನ್ನು ತಡವಾದರೆ ಕಾಲು ಹೋಗುತ್ತದೆ, ಅಥವಾ ಅವನೇ. ಇದನ್ನೂ ಬರೆದಿದ್ದೇನೆ. ನೋಡು, ಅಕ್ಷರ ಎಷ್ಟು ನೆಟ್ಟಗಿವೆ.

ಬೇಕಾದದ್ದನ್ನೆಲ್ಲ ಒಟ್ಟಿಗೆ ಕಳಿಸು. ನನಗಾಗಿ ಅಲ್ಲ.

ಅತ್ತಿಗೆ

ಆಗಸ್ಟ್ ೧೩

ಅತ್ತಿಗೆಗೆ ನಮಸ್ಕಾರ.

ನೀವು ಬರೆದದ್ದು ಸರಿ, ಮರೆಯಬಾರದಿತ್ತು. ತಲೆ ನೆಟ್ಟಗಿರಲಿಲ್ಲ.

ಈ ವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬೇರೆ ಕೆಲಸ ಮುಟ್ಟಲಿಲ್ಲ. ಅಣ್ಣ ಯಾವತ್ತೋ ನನಗೆ ಕೊಟ್ಟಿದ್ದ ಅದೇ ಲಿನಕ್ಸನ್ನು ಒಂದು ಹಳೆಯ ಕಂಪ್ಯೂಟರಿಗೆ ಹಾಕಿದೆ. ಇಡೀ ಊರಿನಲ್ಲಿ ಇದನ್ನು ಹಾಕಿಕೊಂಡು ಕೂತವರು ನೀನೂ ಮತ್ತೆ ನಿನ್ನ ಹಟವೂ ಎಂದು ಅವನನ್ನು ಅಣಕಿಸುತ್ತಿದ್ದೆ. ಕರ್ನೆಲ್ ಸಂಖ್ಯೆ ನಿಮ್ಮದರ ಜೊತೆ ತಾಳೆ ನೋಡಿದೆ. ಆಮೇಲೆ ನೆಟ್ ವೈರ್ ಕಿತ್ತು ಪಕ್ಕಕ್ಕಿಟ್ಟು, ನಾನೂ ನಡುಗಡ್ಡೆಯಲ್ಲೇ ಇದ್ದೇನೆ ಅಂದುಕೊಂಡು ಕೂತೆ. ಒಂದನ್ನು ಹಾಕಿದರೆ ಅದು ಇನ್ನೊಂದನ್ನು ಕೇಳುತ್ತದೆ, ಆ ಇನ್ನೊಂದು ಮತ್ತೆರಡನ್ನು. ಕೇಳಿದ್ದನ್ನೆಲ್ಲ ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು ಕೊಟ್ಟೆ. ಏನೂ ಕೇಳದೆ ಸುಮ್ಮನಾಗುವ ತನಕ ಕೊಟ್ಟೆ. ಆಮೇಲೆ ಎಲ್ಲ ಅಳಿಸಿ, ಮೊದಲಿನಿಂದ ಮತ್ತೊಮ್ಮೆ ಮಾಡಿ ನೋಡಿದೆ. ಆಯಿತು.

ಹಾಗಾಗಿ ಈ ಪೆನ್‌ಡ್ರೈವಿನಲ್ಲಿ ಒಂದೇ ಫೋಲ್ಡರ್ ಇದೆ. ಅದನ್ನು ತೆರೆದು, ಒಳಗೆ ಬಲಗುಂಡಿ ಒತ್ತಿ, ಅಲ್ಲಿಂದಲೇ ಕಪ್ಪು ಕಿಟಕಿ ತೆರೆಯಿರಿ. ಚೀಟಿಯ ಮೊದಲ ಸಾಲು ಬರೆಯಿರಿ. ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಅಕ್ಷರ ಕಾಣುವುದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಹಾಗೆಯೇ. ಸಾಲುಗಳು ಬಹಳ ಹೊತ್ತು ಓಡುತ್ತವೆ. ನಡುವೆ ನಿಂತ ಹಾಗೆ ಕಂಡರೂ ಮುಟ್ಟಬೇಡಿ. ನಿಂತ ಮೇಲೆ ಎರಡನೇ ಸಾಲು ಬರೆಯಿರಿ. ಅದಕ್ಕೆ ಉತ್ತರವೇ ಬರುವುದಿಲ್ಲ. ಉತ್ತರ ಬಾರದಿದ್ದರೆ ಆಯಿತು ಎಂದರ್ಥ.

ಅಡಾಪ್ಟರ್ ಇನ್ನೂ ಬಂದಿಲ್ಲ. ಇದು ಕೂರದಿದ್ದರೆ ಈ ಕಂಪ್ಯೂಟರನ್ನೇ ಮೂಟೆ ಕಟ್ಟಿ ಕಳಿಸುತ್ತೇನೆ.

ಮೊದಲು ಆ ಮೆಕ್ಯಾನಿಕ್ಕಿನ ಫೋಟೋ ಕಳಿಸಿ. ಆಮೇಲೆ ನನಗೆ ಕರೆ ಮಾಡಿ. ಮರೆಯಬೇಡಿ.

ಬಿಚ್ಚಣ್ಣ

ಆಗಸ್ಟ್ ೨೧

ಪ್ರೀತಿಯ ಬಿಚ್ಚಣ್ಣ,

ನಿನ್ನೆ ಮಾತಾಡಿದ್ದೇವೆ, ಆದರೂ ಬರೆಯುತ್ತಿದ್ದೇನೆ. ಪರದೆಯಲ್ಲಿ ನಾನು ಏನು ಹೇಳಿದೆ, ಏನು ಬಿಟ್ಟೆ ನೆನಪಾಗುತ್ತಿಲ್ಲ. ಕಾಗದದಲ್ಲಾದರೆ ತಿರುಗಿ ಓದಬಹುದು.

ಪೆನ್‌ಡ್ರೈವ್ ಮಧ್ಯಾಹ್ನ ಬಂತು. ಬಿಸಿಲು ಚೆನ್ನಾಗಿದ್ದು ಸೋಲಾರ್ ಬ್ಯಾಟರಿ ತುಂಬಿತ್ತು. ಮೇಷ್ಟ್ರು ಶಾಲೆ ಬಿಟ್ಟು ಬರಲಿ ಎಂದು ಕಾಯಲಿಲ್ಲ, ಒಬ್ಬಳೇ ಕೂತೆ. ಮೊದಲ ಸಾಲಿಗೆ ಅಕ್ಷರಗಳು ಓಡಿದವು, ನಿಂತವು, ಮತ್ತೆ ಓಡಿದವು. ಎರಡನೇ ಸಾಲಿಗೆ ಉತ್ತರ ಬರಲಿಲ್ಲ. ಮೂಲೆಯಲ್ಲಿ ಪುಟ್ಟ ಚಿತ್ರ ಮೂಡಿತು. ಅಷ್ಟೇ. ಸದ್ದಿಲ್ಲ, ಗದ್ದಲವಿಲ್ಲ. ಇಷ್ಟು ವಾರ ಕಾದದ್ದು ಇದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಫೋಟೋ ಕಳಿಸಿದೆ. ದೊಡ್ಡಾಸ್ಪತ್ರೆಯ ಡಾಕ್ಟರು ವಿಡಿಯೋದಲ್ಲಿ ಬಂದು, ಬೆರಳಿನಿಂದ ಎಲ್ಲಿ ಒತ್ತಬೇಕೆಂದು ಹೇಳಿ, ಒತ್ತಿಸಿ ನೋಡಿದರು. "ಸಿಸ್ಟರ್, ಇವತ್ತೇ ಕಳಿಸಬೇಕು. ದೋಣಿಗೆ ನಾನು ಹೇಳ್ತೀನಿ" ಅಂದರು. ತುರ್ತು ದೋಣಿ ಸಂಜೆಯೊಳಗೆ ಬಂತು. ಸ್ಟ್ರೆಚರ್ ಕಟ್ಟುವಾಗ ಮೆಕ್ಯಾನಿಕ್ ನನ್ನ ಕೈ ಹಿಡಿದುಕೊಂಡ.

"ನೀವು ಒಂದು ದಿನಾನೂ ಕೇಳ್ಲಿಲ್ಲ ಸಿಸ್ಟರ್."

"ಕೇಳಿದ್ರೆ ಏನ್ ಹೇಳ್ತಿದ್ದೆ?"

"ಗೊತ್ತಿಲ್ಲ. ನೀರು ಬರೋಕೆ ಮುಂಚೆ ಅಣ್ಣ ಬೆಲ್ಟ್ ಒದ್ದೆ ಆಗುತ್ತೆ ಅಂತ ಅಂಗಿ ಒಳಗೆ ಇಟ್ಕೊಂಡ್ರು. ಗುಂಡಿ ಹಾಕ್ಕೊಳ್ತಾ ಇದ್ರು. ಅಷ್ಟೇ ನಾನ್ ನೋಡಿದ್ದು."

ನಾನು "ಆಯ್ತು" ಅಂದೆ. ಅವನ ಹೊದಿಕೆ ಸರಿ ಮಾಡಿದೆ. ದೋಣಿ ಹೋದ ಮೇಲೆ ಬಂದು ಖಾಲಿ ಹಾಸಿಗೆಯ ಬಟ್ಟೆ ತೆಗೆದು ನೆನೆಹಾಕಿದೆ. ಆಮೇಲೆ ನಿನಗೆ ಕರೆ ಮಾಡಿದೆ.

ನೀನು ಬಾಯಿ ತೆರೆದೆ, ಮುಚ್ಚಿದೆ. ಮೊದಲು ನೆಟ್ಟಿನ ತೊಂದರೆಯೇನೋ ಅಂದುಕೊಂಡೆ. ಅದಕ್ಕೇ ನಾನೇ "ಹೇಳ್ಬೇಡ, ಗೊತ್ತು" ಅಂದೆ. ನೀನು "ಯಾರು ಹೇಳಿದ್ರು?" ಅಂತ ಕೇಳಿದೆ. ಯಾರೂ ಹೇಳಲಿಲ್ಲ ಬಿಚ್ಚಣ್ಣ. ಅದಕ್ಕೇ ಗೊತ್ತಾಯಿತು. ನೀನು ಹೇಳಲಿಲ್ಲ, ದೋಣಿಯವನು ಕೇಳಲಿಲ್ಲ, ಕಿತ್ತಳೆ ಬಂತು.

ಅಷ್ಟರಲ್ಲಿ ಅತ್ತೆ ನಿನ್ನ ಹಿಂದೆ ಬಂದು ನಿಂತರು. ಪರದೆಗೆ ಮುಖ ಹತ್ತಿರ ತಂದರು. ಹಣೆ ಮತ್ತು ಕನ್ನಡಕ ಮಾತ್ರ ಕಾಣುತ್ತಿತ್ತು. "ದೊಡ್ಡವನೆಲ್ಲಮ್ಮಾ? ಕರಿ ಸ್ವಲ್ಪ" ಅಂದರು. "ಕೆಲಸಕ್ಕೆ ಹೋಗಿದಾರೆ ಅತ್ತೆ" ಅಂದೆ. ಬಾಯಿ ತಾನಾಗಿಯೇ ಅಂದಿತು, ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಅವರು ನನ್ನನ್ನೇ ನೋಡುತ್ತಾ ನಿಂತಿದ್ದು, "ಸರಿ, ನೀನು ಊಟ ಮಾಡು" ಎಂದು ಒಳಗೆ ಹೋದರು.

ಹೇಗಾಯಿತು, ಎಲ್ಲಿ, ಏನು ಮಾಡಿದೆ ಎಂದು ಪರದೆಯಲ್ಲಿ ಹೇಳುವುದು ಬೇಡ. ಬರೆದು ಕಳಿಸು. ದೋಣಿಯಲ್ಲೇ ಬರಲಿ. ಬರುವಷ್ಟು ಹೊತ್ತು ತೆಗೆದುಕೊಂಡು ಬರಲಿ.

ಅತ್ತಿಗೆ

ಆಗಸ್ಟ್ ೨೭

ಪ್ರೀತಿಯ ಅತ್ತಿಗೆ,

ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಜುಲೈ ೧೬ರ ಕಾಗದ ಕೈಗೆ ಬಂದ ಮರುದಿನ ಬಂದರಿಗೆ ಹೋದಾಗ ಗುಮಾಸ್ತ ತಲೆ ಅಲ್ಲಾಡಿಸಲಿಲ್ಲ. ಕುರ್ಚಿಯಿಂದ ಎದ್ದು ನಿಂತ. ನನ್ನನ್ನು ಕಂಡು ಅವನು ಎದ್ದದ್ದು ಅದೇ ಮೊದಲು. ತುಂಬ ದೂರದಲ್ಲಿ, ಮೀನಿನವರ ಬಲೆಗೆ ಸಿಕ್ಕಿದ್ದನಂತೆ. ಮುಖ ನೋಡಬೇಡಿ ಎಂದರು, ನೋಡಲಿಲ್ಲ. ಕೈ ಸಾಕಾಗಿತ್ತು. ಎಡ ಹೆಬ್ಬೆರಳಿನ ಉಗುರು ನಡುವೆ ಸೀಳಿರುವುದು ನಿಮಗೂ ಗೊತ್ತಲ್ಲ.

ನಿಮಗೆ ವೈರ್‌ಲೆಸ್ಸಿನಲ್ಲಿ ತಿಳಿಸುತ್ತೇವೆ ಎಂದು ಕಚೇರಿಯವರು ಹೊರಟಿದ್ದರು. ಅದರಲ್ಲಿ ಮಾತಾಡಿದರೆ ಇಡೀ ಕಟ್ಟೆಗೆ ಕೇಳುತ್ತದೆ. ನಿಮಗೆ ಮಾತ್ರ ಸೇರಬೇಕಾದ ಮಾತು ಧ್ವನಿವರ್ಧಕದಲ್ಲಿ ಬರುವುದು ಬೇಡ ಎಂದು ನಾನೇ ತಡೆದೆ. ಕಾಗದದಲ್ಲಿ ಬರೆಯಲು ಎರಡು ಸಲ ಕೂತೆ. ಒಬ್ಬರೇ ಓದುತ್ತೀರಿ, ಪಕ್ಕದಲ್ಲಿ ಯಾರಿರುತ್ತಾರೋ ಗೊತ್ತಿಲ್ಲ ಎಂದು ಹರಿದುಹಾಕಿದೆ. ಮುಖ ಕಂಡರೆ ಹೇಳಬಲ್ಲೆ ಅಂದುಕೊಂಡಿದ್ದೆ. ಮುಖ ಕಂಡಾಗ ನೋಡಿದಿರಲ್ಲ.

ಅವನನ್ನು ಇಟ್ಟುಕೊಂಡು ಕಾಯುವ ಹಾಗಿರಲಿಲ್ಲ. ನಿಮ್ಮನ್ನು ಕರೆತರುವ ದೋಣಿಯೂ ಇರಲಿಲ್ಲ. ನಾನು, ಪಕ್ಕದ ಅಂಗಡಿಯ ದರ್ಜಿ, ಆ ಗುಮಾಸ್ತ, ಮೂರೇ ಜನ. ಮಳೆ ಬಿಟ್ಟಿತ್ತು. ಬೇಗ ಮುಗಿಯಿತು. ನಿಮ್ಮ ಪರವಾಗಿ ಏನಾದರೂ ಮಾಡಬೇಕು ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಅವನ ಕಾಲರ್ ಮಡಿಸಿಕೊಂಡಿತ್ತು. ನೀವಿದ್ದಿದ್ದರೆ ಸರಿ ಮಾಡುತ್ತಿದ್ದಿರಿ ಎಂದು ಸರಿ ಮಾಡಿದೆ.

ಇನ್ನೊಂದು ಸಂಗತಿ. ನಿಮ್ಮ ಕರೆ ಮುಗಿದ ಮೇಲೆ ಅಮ್ಮ ಅಡುಗೆಮನೆಯಲ್ಲಿ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ.

"ಅವಳಿಗೆ ಗೊತ್ತಾಗಿದೆ ಕಣೋ," ಅಂದಳು.

"ಏನು?"

"ನಂಗೂ ನಿಂಗೂ ಗೊತ್ತಿರೋದು."

ನಾನು ಕೇಳಿದೆ, "ನಿಂಗೆ ಯಾವಾಗಿಂದ ಗೊತ್ತು?"

"ನೀನು ಅವತ್ತು ಮಧ್ಯಾಹ್ನಾನೇ ಬಂದು, ಹಿತ್ತಲಲ್ಲಿ ನಿಂತು ತಲೆ ಮೇಲೆ ನೀರು ಸುರ್ಕೊಂಡ್ಯಲ್ಲ, ಅವತ್ತಿಂದ. ನಿಂಗೆ ಹೇಳೋಕೆ ಆಗ್ತಿಲ್ಲ ಅಂತ ನಾನೂ ಕೇಳ್ಲಿಲ್ಲ. ಅವಳಿಗೆ ಗೊತ್ತಿಲ್ದೆ ನಾನು ಅಳೋದು ಹೇಗೆ? ಹೆಂಡ್ತಿ ಅವಳು. ಮೊದಲು ಅವಳಿಗೆ ಗೊತ್ತಾಗ್ಬೇಕು."

ಅಷ್ಟು ಹೇಳಿ ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ನಾನೂ ಕೂತೆ. ಅವಳು ಅತ್ತಳು. ನನಗೆ ಬರಲಿಲ್ಲ, ಅವಳ ಬೆನ್ನು ಸವರುತ್ತಾ ಇದ್ದೆ.

ಮೆಕ್ಯಾನಿಕ್ಕನ್ನು ಆಸ್ಪತ್ರೆಯಲ್ಲಿ ನೋಡಿ ಬಂದೆ. ಕಾಲಿನ ಎರಡು ಬೆರಳು ತೆಗೆದಿದ್ದಾರೆ. ಕಾಲು ಉಳಿದಿದೆ.

ನಿಮ್ಮ
ಬಿಚ್ಚಣ್ಣ

ಸೆಪ್ಟೆಂಬರ್ ೧೦

ಪ್ರೀತಿಯ ಬಿಚ್ಚಣ್ಣ,

ನಿನ್ನ ಕಾಗದ ಬಂದ ದಿನ ಓದಲಿಲ್ಲ. ಮರುದಿನ, ಹೊರರೋಗಿಗಳೆಲ್ಲ ಹೋದ ಮೇಲೆ, ಬೆಂಚಿನ ಮೇಲೆ ಕೂತು ಓದಿದೆ. ಕಾಲರ್ ವಿಷಯ ಬರೆದ ಕಡೆ ನಿಂತುಬಿಟ್ಟೆ. ಮುಂದಿನ ಸಾಲಿಗೆ ಹೋಗಲು ಸುಮಾರು ಹೊತ್ತು ಹಿಡಿಯಿತು. ಆಯಾ ಬಂದು ಪಕ್ಕದಲ್ಲಿ ಕೂತಳು. ಕಾಗದದ ಮೇಲೆ ಹನಿ ಬಿದ್ದಾಗ, "ಮಳೆ ಬಂತೇನೋ" ಎಂದು ಮಾಡು ನೋಡಿದೆ. ಮಾಡು ಸೋರುತ್ತಿರಲಿಲ್ಲ. ಆಯಾ ನನ್ನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಅವಳ ಮೈಯಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು. ಇಷ್ಟು ದಿನ ಅವಳಿಗೊಂದು ವಾಸನೆ ಇದೆಯೆಂದು ನನಗೆ ಗೊತ್ತೇ ಆಗಿರಲಿಲ್ಲ.

ನೀನು ಮಾಡಿದ್ದೆಲ್ಲ ಸರಿ. ನಾನಿದ್ದಿದ್ದರೂ ಕಾಲರನ್ನೇ ಸರಿ ಮಾಡುತ್ತಿದ್ದೆ.

ಕಟ್ಟೆ ರಿಪೇರಿ ಮುಗಿಯಿತು. ಮಂಗಳವಾರದಿಂದ ಜನರನ್ನು ಹತ್ತಿಸುತ್ತಾರಂತೆ. ನನ್ನ ಬದಲಿಗೆ ಬರುವ ಸಿಸ್ಟರ್ ಅದೇ ದೋಣಿಯಲ್ಲಿ ಇಳಿಯುತ್ತಾಳೆ, ನಾನು ಹತ್ತುತ್ತೇನೆ. ಅವಳಿಗೆ ಕಂಪ್ಯೂಟರ್ ಹೇಗೆ ತೆರೆಯಬೇಕೆಂದು ಮೇಷ್ಟ್ರು ತೋರಿಸುತ್ತಾರೆ. ಈಗ ನೆಟ್ ದಿನಾ ಬರುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಹಾಗಾದರೆ ಚೆನ್ನಾಗಿದೆ ಎಂದೇ ಅರ್ಥ.

ಅತ್ತೆಗೆ ಹೇಳು, ನನ್ನ ಹಾಸಿಗೆಯನ್ನು ಅವರ ಪಕ್ಕದಲ್ಲೇ ಹಾಸಲಿ. ಎಷ್ಟು ದಿನ ಇರುತ್ತೇನೆ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ವಾಪಸು ಬರುತ್ತೇನೆ ಎಂದು ಆಯಾಗೆ ಹೇಳಿದ್ದೇನೆ, ಅವಳು ನಂಬಿದ್ದಾಳೆ.

ನೀನು ಮಂಗಳವಾರ ಬಂದರಿಗೆ ಬಾ. ಮೆಟ್ಟಿಲಿನ ಹತ್ತಿರ ನಿಂತಿರು, ಕಚೇರಿಯ ಒಳಗೆ ಹೋಗಬೇಡ. ದೋಣಿ ಕಟ್ಟೆಗೆ ತಾಗುವಾಗ ಜೋರಾಗಿ ಅಲ್ಲಾಡುತ್ತದೆ. ಯಾವಾಗಲೂ ನಿನ್ನಣ್ಣ ಮೊದಲು ಇಳಿದು ನನಗೆ ಕೈ ಚಾಚುತ್ತಿದ್ದರು. ನನಗೆ ಒಬ್ಬಳೇ ಇಳಿದು ಅಭ್ಯಾಸವಿಲ್ಲ.

ನಿನ್ನ
ಅತ್ತಿಗೆ